ಚಾಕುವಿಗೊಂದು ಒರೆ ನೋಡುವುದು

ಕಾಡುಮೇಡು ಸುತ್ತುವವರು ಚಾಕು ಕೊಳ್ಳುವಾಗ ಮಾಡುವಷ್ಟು ವಿಚಾರಣೆಯನ್ನು ಹೆಣ್ಣು ಹೆತ್ತವರೂ ಗಂಡಿನ ಬಗ್ಗೆ ಮಾಡಲಿಕ್ಕಿಲ್ಲ. ಉಕ್ಕು ಯಾವ ಮನೆತನದ್ದು, ಗಡಸುತನ ಎಷ್ಟು, ಅಲಗು ಹಿಡಿಯ ಕೊನೆಯವರೆಗೂ ಹೋಗಿದೆಯೋ ಅರ್ಧಕ್ಕೇ ನಿಂತಿದೆಯೋ, ಎಲ್ಲವನ್ನೂ ಕೆದಕುತ್ತಾರೆ. ಒರೆಯ ಮಾತು ಬಂದಾಗ ಮಾತ್ರ ‘ಜೊತೆಗೆ ಕೊಟ್ಟಿದ್ದಾರಲ್ಲ, ಸಾಕು ಬಿಡಿ’ ಎಂಬ ಉದಾರತೆ. ಮಡಚಲು ಬಾರದ ಚಾಕು ದಿನಕ್ಕೆ ಎಷ್ಟು ಹೊತ್ತು ಕೈಯಲ್ಲಿದ್ದೀತು? ಹಗ್ಗ ಕುಯ್ಯಬೇಕು, ಈರುಳ್ಳಿ ಹೆಚ್ಚಬೇಕು, ಒಲೆಗೆ ನಾಲ್ಕು ಚಕ್ಕೆ ಸೀಳಬೇಕು, ಅಷ್ಟೇ. ಉಳಿದ ಹೊತ್ತೆಲ್ಲ ಅದು ಸೊಂಟದಲ್ಲಿರುತ್ತದೆ, ಸೊಂಟಕ್ಕೆ ಒತ್ತುವುದು ಒರೆಯೇ.

ಸಿನಿಮಾದವರು ಕತ್ತಿ ಹಿರಿಯುವುದನ್ನು ತೋರಿಸುತ್ತಾರೆ. ನಿಜವಾಗಿ ಎಚ್ಚರ ಬೇಕಾದದ್ದು ವಾಪಸ್ ಇಡುವಾಗ. ತೆಗೆಯುವಾಗ ಕಣ್ಣು ಚಾಕುವಿನ ಮೇಲಿರುತ್ತದೆ. ಇಡುವ ಹೊತ್ತಿಗೆ ಕೆಲಸ ಮುಗಿದಿರುತ್ತದೆ, ಮನಸ್ಸು ಕುದಿಯುವ ಅನ್ನದ ಕಡೆಗೋ ಹೊರಟ ಸಂಗಡಿಗರ ಕಡೆಗೋ ಹೋಗಿರುತ್ತದೆ, ಎಡಗೈ ಬೆರಳು ಒರೆಯ ಬಾಯಿಯನ್ನು ತಡಕುತ್ತಿರುತ್ತದೆ. ಆದ್ದರಿಂದ ಒರೆಯ ಬಾಯಿ ಚಾಕು ಇಲ್ಲದಿದ್ದಾಗಲೂ ತೆರೆದೇ ಇರಬೇಕು, ಗಟ್ಟಿಯಾಗಿರಬೇಕು, ಸ್ವಲ್ಪ ಅಗಲಿಸಿಕೊಂಡಿದ್ದರೆ ಇನ್ನೂ ಒಳ್ಳೆಯದು. ಚಾಕು ತೆಗೆದೊಡನೆ ಚಪ್ಪಟೆಯಾಗಿ ಮುಚ್ಚಿಕೊಳ್ಳುವ ಮೆದು ನೈಲಾನ್ ಒರೆ ಈ ಪರೀಕ್ಷೆಯಲ್ಲೇ ಹೊರಗೆ. ಒಳಗೆ ಪ್ಲಾಸ್ಟಿಕ್ ಪಟ್ಟಿ ಇಲ್ಲದ ನೈಲಾನಂತೂ ಜಾರಿ ಬಿದ್ದರೆ ಚಾಕುವಿನ ಮೊನೆಯನ್ನು ತಡೆಯುವುದಿಲ್ಲ, ನೇರ ತೊಡೆಗೆ ದಾಟಿಸುತ್ತದೆ. ಹಿಡಿಯನ್ನು ಸುತ್ತಿ ಟಿಚ್ ಬಟನ್ ಹಾಕುವ ಪಟ್ಟಿ ಇದ್ದರೆ, ಬಿಚ್ಚಿದಾಗ ಅದು ಅಲಗಿನ ದಾರಿಗೆ ಅಡ್ಡ ಬರುತ್ತದೆಯೇ ನೋಡಬೇಕು. ಅಡ್ಡ ಬಂದರೆ ಕೆಲವೇ ದಿನಗಳಲ್ಲಿ ನೀವೇ ಅದನ್ನು ಕುಯ್ದು ಎರಡು ತುಂಡು ಮಾಡಿರುತ್ತೀರಿ.

ಚರ್ಮದ ಒರೆಯ ಚೆಲುವಿಗೆ ಸಾಟಿಯಿಲ್ಲ. ಸದ್ದಿಲ್ಲ, ಮೈಗೆ ಒಗ್ಗುತ್ತದೆ, ಅಲಗಿನ ಮೇಲೆ ಗೀರು ಬೀಳುವುದು ಕಡಿಮೆ. ಆದರೆ ಎಲ್ಲ ಚರ್ಮವೂ ಒಂದೇ ಅಲ್ಲ. ಜಾಕೆಟ್, ಸೋಫಾಗಳಿಗೆ ಬಳಸುವುದು ಬಹುಪಾಲು ಕ್ರೋಮಿಯಂ ಲವಣದಲ್ಲಿ ಹದ ಮಾಡಿದ ಮೆತ್ತನೆಯ ಚರ್ಮ. ಅದು ಆಕಾರ ಹಿಡಿಯುವುದಿಲ್ಲ, ಒಳಗುಳಿದ ಲವಣದಿಂದ ಅಲಗಿಗೆ ತುಕ್ಕೂ ಬೇಗ. ಒರೆಗೆ ಬೇಕಾದದ್ದು ಮರದ ತೊಗಟೆ, ಕಾಯಿಗಳ ಒಗರಿನಲ್ಲಿ ಹದ ಮಾಡಿದ ಗಟ್ಟಿ ಚರ್ಮ. ಅಂಚು ಕತ್ತರಿಸಿ ನೋಡಿ. ಒಳಗೆ ನೀಲಿ-ಬೂದು ಗೆರೆ ಕಂಡರೆ ಕ್ರೋಮಿನದು, ಉದ್ದಕ್ಕೂ ಕಂದು ಬಣ್ಣವೇ ಇದ್ದರೆ ತೊಗಟೆಯದೆಂದು ನಂಬಬಹುದು. ಕಪ್ಪು ಬಣ್ಣ ಹಾಕಿದ ಚರ್ಮದಲ್ಲಿ ಈ ಉಪಾಯ ನಡೆಯುವುದಿಲ್ಲ, ಮಾರುವವರ ಮಾತೇ ಗತಿ.

ಇದಕ್ಕಾಗಿ ಪರದೇಶದಿಂದ ಚರ್ಮ ತರಿಸಬೇಕಾಗಿಲ್ಲ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಕೊಲ್ಹಾಪುರಿ ಚಪ್ಪಲಿಯ ಊರುಗಳಲ್ಲಿ ನಮ್ಮ ಬೆಳಗಾವಿ ಸೀಮೆಯ ಅಥಣಿ, ನಿಪ್ಪಾಣಿಗಳೂ ಇವೆ. ಅಲ್ಲಿನ ಸಾಂಪ್ರದಾಯಿಕ ಚಪ್ಪಲಿಯ ಅಟ್ಟೆ ಜಾಲಿ ತೊಗಟೆ, ಅಳಲೆಕಾಯಿಗಳಲ್ಲಿ ಹದವಾದದ್ದು. ಅಂಥ ಚರ್ಮ 3 ಮಿ.ಮೀ. ದಪ್ಪದ್ದು ಸಿಕ್ಕಿದರೆ, ಕೈಹೊಲಿಗೆ ಬಲ್ಲ ಚಪ್ಪಲಿ ಕುಶಲಕರ್ಮಿಯೊಬ್ಬರು ಅಂಗಡಿಯ ಒರೆಗಿಂತ ಮೇಲಾದದ್ದನ್ನು ಮಾಡಿಕೊಟ್ಟಾರು. ಒಂದನ್ನು ಮಾತ್ರ ಒತ್ತಿ ಹೇಳಬೇಕು. ಚರ್ಮವನ್ನು ಮಡಚಿ ಬರೀ ಅಂಚು ಹೊಲಿದರೆ ಅಲಗಿನ ಬಾಯಿ ನೇರ ಹೊಲಿಗೆಯ ದಾರದ ಮೇಲೆ ಕೂರುತ್ತದೆ, ಸ್ವಲ್ಪ ದಿನಕ್ಕೆ ಒಂದೊಂದೇ ಎಳೆ ಕುಯ್ಯುತ್ತಾ ಹೊರಗೆ ಇಣುಕುತ್ತದೆ. ಹಾಗಾಗದಂತೆ ಎರಡು ಪದರದ ನಡುವೆ ಅಂಚಿನುದ್ದಕ್ಕೂ ಅಲಗಿನ ದಪ್ಪಕ್ಕೆ ಕಡಿಮೆಯಿಲ್ಲದ ಇನ್ನೊಂದು ಚರ್ಮದ ಪಟ್ಟಿ ಕೂಡಿಸಬೇಕು. ಬಾಯಿ ಆ ಪಟ್ಟಿಗೆ ತಾಗಬೇಕು, ದಾರ ಅದರಾಚೆ ಇರಬೇಕು. ಕೊಳ್ಳುವ ಒರೆಯಲ್ಲೂ ಮೊದಲು ನೋಡಬೇಕಾದದ್ದು ಇದೇ. ಅಂಚನ್ನು ನೇರ ಎದುರಿಗೆ ಹಿಡಿದಾಗ ಎರಡು ಪದರ ಕಂಡರೆ ಕೆಳಗಿಡಿ, ಮೂರು ಕಂಡರೆ ಮಾತು ಮುಂದುವರಿಸಿ.

ಹೊಲಿಗೆ ಮೇಣ ಸವರಿದ ದಾರದಲ್ಲಿ, ಎರಡು ಸೂಜಿ ಎದುರುಬದುರಾಗಿ ಒಂದೇ ರಂಧ್ರದಲ್ಲಿ ದಾಟುವಂಥದ್ದಾಗಿರಲಿ. ಒಂದು ಕಡೆ ದಾರ ಹರಿದರೂ ಇನ್ನೊಂದು ಕಡೆಯದು ಹಿಡಿದಿರುತ್ತದೆ. ಯಂತ್ರದ ಹೊಲಿಗೆಯಲ್ಲಿ ಒಂದು ಎಳೆ ಹೋದರೆ ಅದರ ಅಕ್ಕಪಕ್ಕದವೂ ಸಡಿಲ. ಹೊಲಿದಾದ ಮೇಲೆ ಒರೆಯನ್ನು ಕೆಲವು ನಿಮಿಷ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಚಾಕುವಿಗೆ ತೆಳು ಪ್ಲಾಸ್ಟಿಕ್ ಸುತ್ತಿ ಒಳಗಿಟ್ಟು, ಹಿಡಿಯೂ ಅಲಗೂ ಕೂಡುವ ಜಾಗದಲ್ಲಿ ಬೆರಳಿನಿಂದ ಒತ್ತಿ ಒತ್ತಿ ಆಕಾರ ಕೊಡಬೇಕು. ಆಮೇಲೆ ಚಾಕು ತೆಗೆದು ನೆರಳಲ್ಲಿ ಒಂದೆರಡು ದಿನ ಒಣಗಲು ಬಿಟ್ಟು ಜೇನುಮೇಣ ತಿಕ್ಕಬೇಕು. ಅವಸರಕ್ಕೆ ಒಲೆಯ ಹತ್ತಿರ ಇಟ್ಟರೆ ಚರ್ಮ ಹಪ್ಪಳದಂತೆ ಸೊಟ್ಟಗಾಗುತ್ತದೆ. ಎಣ್ಣೆ ಸುರಿಯುವುದೂ ಬೇಡ, ಮೆತ್ತಗಾದ ಒರೆ ಚಾಕುವನ್ನು ಹಿಡಿಯುವುದು ಬಿಡುತ್ತದೆ. ಹಿತ್ತಾಳೆಯ ಬಟನ್ ಸುತ್ತ ಹಸಿರು ಕಿಲುಬು ಕಂಡರೆ ಗಾಬರಿಯಾಗಬೇಡಿ, ಹಳೆಯ ಹಲ್ಲುಜ್ಜುವ ಬ್ರಶ್ಶಿಗೆ ಅಷ್ಟು ಕೆಲಸ ಇರಲಿ.

ಇಷ್ಟೆಲ್ಲ ಹೊಗಳಿದ ಮೇಲೂ ಒಂದು ಮಾತು: ಆಗುಂಬೆಯ ಆಷಾಢಕ್ಕೆ ಚರ್ಮದ ಒರೆ ತರಬೇಡಿ. ವರ್ಷಕ್ಕೆ 7,000 ಮಿ.ಮೀ.ಗೂ ಮೀರಿ ಮಳೆ ಸುರಿಯುವ ಕಡೆ ಅದು ನೀರು ಕುಡಿದು ಹಿಗ್ಗುತ್ತದೆ, ಬೂಸರು ಹಿಡಿಯುತ್ತದೆ, ಕಾರ್ಬನ್ ಉಕ್ಕಿನ ಅಲಗನ್ನು ಒಂದೇ ರಾತ್ರಿಯಲ್ಲಿ ಕೆಂಪಗೆ ಮಾಡಬಲ್ಲದು. ಮಲೆನಾಡಿನ ತೋಟದವರು ಸೊಂಟಕ್ಕೆ ಕಟ್ಟಿದ ಕೊಕ್ಕೆಗೆ ಕತ್ತಿ ಸಿಕ್ಕಿಸಿ ನಡೆಯುವುದು ಸುಮ್ಮನೆ ಅಲ್ಲ. ಕೊಡವರ ಒಡಿಕತ್ತಿಯೂ ಬೆನ್ನ ಹಿಂದಿನ ತೊಡಂಗ್ ಎಂಬ ಹಿತ್ತಾಳೆಯ ಕೊಕ್ಕೆಗೇ ಸಿಕ್ಕಿಕೊಳ್ಳುವುದು. ಅಲಗು ತೆರೆದಿರುವುದರಿಂದ ನೀರು ನಿಲ್ಲುವ ಪ್ರಶ್ನೆಯೇ ಇಲ್ಲ. ಮುಂದೆ ಸಿಕ್ಕಿಸುವ ಪೀಚೆಕತ್ತಿಗೆ ಮಾತ್ರ ಬೆಳ್ಳಿಯ ಒರೆ, ಅದು ಮದುವೆ ಮನೆಗೆ ಹೋಗುವಂಥದ್ದು.

ಮಳೆಗಾಲಕ್ಕೆ ಹೊಂದುವುದು ಕೈಡೆಕ್ಸ್. ಅಕ್ರಿಲಿಕ್, ಪಿವಿಸಿ ಬೆರೆಸಿದ ಸುಮಾರು 2 ಮಿ.ಮೀ. ಹಾಳೆಯನ್ನು 165 ಡಿಗ್ರಿ ಸೆಲ್ಸಿಯಸ್ ದಾಟಿಸಿ ಕಾಯಿಸಿ, ಚಾಕುವಿನ ಮೇಲೆ ಒತ್ತಿ ಅಚ್ಚು ತೆಗೆಯುತ್ತಾರೆ. ಕೆಳಗೆ ನೀರು ಇಳಿಯಲು ತೂತು ಇದೆಯೇ ನೋಡಿ, ಇಲ್ಲದಿದ್ದರೆ ಅದು ಒರೆಯಲ್ಲ, ಲೋಟ. ಬಿಗಿಯನ್ನು ಪರೀಕ್ಷಿಸಲು ಹಾಸಿಗೆಯ ಮೇಲೆ ತಲೆಕೆಳಗೆ ಹಿಡಿದು ಜಾಡಿಸಬೇಕು. ಬೀಳಬಾರದು. ಹಾಗೆಂದು ಎರಡೂ ಕೈ ಹಾಕಿ ಜಗ್ಗುವಷ್ಟು ಬಿಗಿಯೂ ಬೇಡ. ಜಗ್ಗಿದಾಗ ಅಲಗು ಒಮ್ಮೆಲೇ ಹೊರಬಂದು ಪಕ್ಕದವರ ಮೊಣಕೈ ಹುಡುಕಿಕೊಂಡು ಹೋಗುತ್ತದೆ. ಹೆಬ್ಬೆರಳನ್ನು ಒರೆಯ ತುಟಿಗೆ ಒತ್ತಿದರೆ ‘ಟಕ್’ ಎಂದು ಬಿಡಬೇಕು, ಇಟ್ಟಾಗ ಅದೇ ಸದ್ದಿನೊಡನೆ ಕೂರಬೇಕು. ಕೈಡೆಕ್ಸಿನ ಶತ್ರು ಮರಳು. ಒಳಗೆ ಸೇರಿದ ಕಣ ಪ್ರತಿಸಲ ಅಲಗನ್ನು ಗೀರುತ್ತದೆ. ಹೊಳೆಬದಿಯಲ್ಲಿ ಕೂತು ಎದ್ದ ಮೇಲೆ ನೀರು ಹಾಯಿಸಿ ತೊಳೆದರೆ ಮುಗಿಯಿತು.

ಸ್ವೀಡನ್ನಿನ ಮೋರಾ ಚಾಕುಗಳ ಜೊತೆ ಬರುವ ಸಾದಾ ಪ್ಲಾಸ್ಟಿಕ್ ಒರೆಯನ್ನು ನೋಡಿ ಮೂಗು ಮುರಿಯುವವರಿದ್ದಾರೆ. ಕೆಲಸಕ್ಕೆ ಅದು ಧಾರಾಳ ಸಾಕು, ಬೆಲ್ಟಿನ ಕ್ಲಿಪ್ ಒಂದನ್ನು ಆಗಾಗ ತಡವಿ ನೋಡುತ್ತಿದ್ದರಾಯಿತು. ಫಿನ್ಲೆಂಡಿನ ಪುಕ್ಕೊ ಚಾಕುವಿನ ಒರೆ ಇನ್ನೂ ಜಾಣತನದ್ದು. ಹೊರಗೆ ಚರ್ಮ, ಒಳಗೆ ಅಲಗಿಗೆ ಮರದ ಗೂಡು, ಹಿಡಿಯ ಅರ್ಧಭಾಗ ಒಳಗೇ ಕೂರುತ್ತದೆ. ಪಟ್ಟಿಯಿಲ್ಲ, ಬಟನ್ನಿಲ್ಲ. ಬೆಲ್ಟಿನಿಂದ ಕೆಳಗೆ ಜೋತಾಡುವುದರಿಂದ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರೂ ಹಿಡಿ ಪಕ್ಕೆಗೆ ತಿವಿಯುವುದಿಲ್ಲ. ಓಡುವಾಗ ತೊಡೆಗೆ ಬಡಿಯುತ್ತದೆ, ಅದು ನಿಜ. ಒರೆ ಎಲ್ಲಿ ತೂಗಿದರೂ ಸೊಂಟದ ಪಕ್ಕಕ್ಕೋ ತುಸು ಹಿಂದಕ್ಕೋ ಇರಲಿ. ಮುಂದೆ ತೊಡೆಸಂದಿಯ ಹತ್ತಿರ ದೊಡ್ಡ ರಕ್ತನಾಳವಿದೆ.

ಒಂದೇ ಒರೆಯಲ್ಲಿ ಎರಡು ಕತ್ತಿ ಹಿಡಿಸುವುದಿಲ್ಲ ಅನ್ನುವವರು ನೇಪಾಳದ ಖುಕ್ರಿಯ ಒರೆ ನೋಡಿಲ್ಲ. ಅದರಲ್ಲಿ ಮೂರಿರುತ್ತವೆ: ಖುಕ್ರಿ, ಸಣ್ಣ ಕೆಲಸಕ್ಕೆ ಕರ್ದಾ, ಬಾಯಿ ಮಸೆಯಲು ಮೊಂಡು ಚಕ್ಮಕ್. ಮರದ ಎರಡು ಹೋಳಿಗೆ ಚರ್ಮ ಹೊದಿಸಿದ ಒರೆ ಅದು. ಹಿರಿಯುವಾಗ ಒರೆಯನ್ನು ಅಲಗಿನ ಬಾಯಿಯ ಕಡೆ ಬೆರಳು ಸುತ್ತಿ ಹಿಡಿದರೆ ಹೋಳುಗಳ ಸಂದಿಯಿಂದ ಅಲಗು ಹೊರಬಂದು ಕೈ ಕುಯ್ಯಬಹುದು. ಅಲಗಿನ ಬೆನ್ನಿನ ಕಡೆಗೇ ಹಿಡಿಯಬೇಕು.

ಊರಿಗೆ ಬಂದ ಮೇಲೆ ಚಾಕುವನ್ನು ಒರೆಯಲ್ಲೇ ಬಿಟ್ಟು ಕಪಾಟಿಗೆ ಹಾಕಬೇಡಿ, ಚರ್ಮವಾದರಂತೂ ಬೇಡವೇ ಬೇಡ. ಒರೆ ಗಾಳಿಯಾಡುವ ಕಡೆ ತೂಗಲಿ. ಅಲಗನ್ನು ಒರೆಸಿ ತೆಳ್ಳಗೆ ಎಣ್ಣೆ ಸವರಿ ರಟ್ಟಿನಲ್ಲಿ ಸುತ್ತಿಡಿ. ತಿನ್ನುವ ಪದಾರ್ಥವನ್ನೂ ಕುಯ್ಯುವ ಚಾಕುವಿಗೆ ಕೊಬ್ಬರಿ ಎಣ್ಣೆ ನಡೆಯುತ್ತದೆ. ಮಶೀನ್ ಎಣ್ಣೆ ಹಚ್ಚಿ ಮರೆತರೆ ಮುಂದಿನ ಪ್ರವಾಸದ ಮಾವಿನಹಣ್ಣಿಗೆ ಹೊಲಿಗೆ ಯಂತ್ರದ ರುಚಿ ಬರುತ್ತದೆ.