ನೆಲದ ಮೇಲೆ ಆರು ಮಂದಿ, ನೀರಿನಲ್ಲಿ ನಾಲ್ವರು

ನಾವಿರುವ ಕೆನಡಾದ ವಾಟರ್ಲೂ ನಗರದಿಂದ ಪಶ್ಚಿಮಕ್ಕೆ ಅರ್ಧ ಗಂಟೆ ಹೋದರೆ ನ್ಯೂ ಹ್ಯಾಂಬರ್ಗ್ ಎಂಬ ಚಿಕ್ಕ ಊರು ಸಿಗುತ್ತದೆ. 1967ರಲ್ಲಿ ಮೊದಲು ಮಾರುಕಟ್ಟೆಗೆ ಬಂದ ಆರ್ಗೊ ಎಂಬ ಉಭಯಚರ ಬಂಡಿಗಳ ಕಾರ್ಖಾನೆ ಇರುವುದು ಇಲ್ಲಿಯೇ. ಆರು ಅಥವಾ ಎಂಟು ಉಬ್ಬು ಟೈರುಗಳು, ದೋಣಿಯಂತೆ ಒಂದೇ ಅಚ್ಚಿನ ಪ್ಲಾಸ್ಟಿಕ್ ಒಡಲು. ಕೆಸರು, ಜೌಗು, ಹಿಮ, ಕೆರೆ ಎಲ್ಲದರ ಮೇಲೂ ಸಾಗುವ ಈ ಬಂಡಿಗಳನ್ನು ನಾನು ಬಹಳ ಮೆಚ್ಚುತ್ತೇನೆ. ಮೆಚ್ಚುವುದರಿಂದಲೇ ಈ ಬಗೆಯ ಬಂಡಿಗಳ ಜಾಹೀರಾತುಗಳ ಬಗ್ಗೆ ನನಗೆ ಬೇಸರವಿದೆ.

ಕಳೆದ ಶರತ್ಕಾಲದಲ್ಲಿ ಹಿರಿಯ ಸ್ನೇಹಿತರೊಬ್ಬರ ಎಂಟು ಚಕ್ರದ ಬಂಡಿಯಲ್ಲಿ ನಾವು ಆರು ಮಂದಿ ಕಾಡುದಾರಿ ಹಿಡಿದು ಒಂದು ಕೆರೆಯ ದಡಕ್ಕೆ ಹೋದೆವು. ಅಲ್ಲಿ ಅವರು ಎಂಜಿನ್ ನಿಲ್ಲಿಸಿ, ಬಗ್ಗಿ, ಒಡಲಿನ ತಳದ ಬಿರಡೆಗಳು ಬಿಗಿಯಾಗಿವೆಯೇ ಎಂದು ಬೆರಳಿನಿಂದಲೇ ತಿರುಗಿಸಿ ನೋಡಿದರು. ಆಮೇಲೆ, “ಇಬ್ಬರು ಇಲ್ಲೇ ಇಳಿದುಬಿಡಿ, ಇನ್ನೊಂದು ಸಲ ಬಂದು ಕರೆದುಕೊಂಡು ಹೋಗ್ತೀನಿ” ಎಂದರು. ಆ ಮಾದರಿಗೆ ನೆಲದ ಮೇಲೆ ಆರು ಮಂದಿಯ ಮಿತಿಯಾದರೆ ನೀರಿನಲ್ಲಿ ನಾಲ್ವರದು ಮಾತ್ರ. ಆ ಮಾತು ಸ್ಟಿಕ್ಕರಿನ ಮೇಲೆ ಸಣ್ಣ ಅಕ್ಷರದಲ್ಲಿತ್ತು. ನೀರಿಗಿಳಿದ ಮೇಲೆ ಬಂಡಿಯನ್ನು ಮುಂದೆ ತಳ್ಳುವುದು ಟೈರುಗಳ ಹಲ್ಲುಗಳೇ. ಪ್ರತಿ ಹಲ್ಲೂ ಸಣ್ಣ ಹುಟ್ಟಿನಂತೆ ನೀರನ್ನು ಹಿಂದಕ್ಕೆ ನೂಕುತ್ತದೆ. ಗಂಟೆಗೆ ಸುಮಾರು 4 ಕಿ.ಮೀ. ವೇಗ, ಅಂದರೆ ಮನುಷ್ಯ ನಡೆಯುವಷ್ಟೇ. ಮುನ್ನೂರು ಮೀಟರ್ ಅಗಲದ ಆ ಕೆರೆ ದಾಟಲು ಐದು ನಿಮಿಷ ಹಿಡಿಯಿತು. ಆ ಐದು ನಿಮಿಷವನ್ನು ನಾನು ಯಾವ ಜಾಹೀರಾತಿನಲ್ಲಿಯೂ ಕಂಡಿಲ್ಲ.

ಜಾಹೀರಾತುಗಳಲ್ಲಿ ಕಾಣುವುದು ಬಂಡಿ ದಡದಿಂದ ಧುಮುಕಿ ಎರಡೂ ಬದಿಗೆ ನೀರು ಚಿಮ್ಮಿಸುವ ಆ ಒಂದು ಕ್ಷಣ. ನೀರಿಗೆ ಇಳಿಯುವುದು ಸುಲಭ. ಕಷ್ಟವಿರುವುದು ಕೆಸರು ಜಾರುವ ಎದುರು ದಡವನ್ನು ಹತ್ತುವುದರಲ್ಲಿ. ಈ ವಿಷಯದಲ್ಲಿ ರಷ್ಯಾದಲ್ಲಿ ಹುಟ್ಟಿದ ಶೆರ್ಪ್ ಬಂಡಿಯ ವಿಡಿಯೊಗಳನ್ನು ಮೆಚ್ಚಬೇಕು: ಆಳೆತ್ತರದ ಟೈರುಗಳ ಆ ಬಂಡಿ ನೀರಿನಿಂದ ಮಂಜುಗಡ್ಡೆಯ ಅಂಚಿಗೆ ಹಲ್ಲೂರಿ, ಮೈ ಎತ್ತಿಕೊಂಡು ಮೇಲೆ ಬರುವುದನ್ನು ಅವು ಪೂರ್ತಿಯಾಗಿ ತೋರಿಸುತ್ತವೆ. ಆದರೆ ಅದರ ನೀರಿನ ವೇಗವೂ ಗಂಟೆಗೆ ಸುಮಾರು 6 ಕಿ.ಮೀ. ಮಾತ್ರ. ಇನ್ನೊಂದು ತುದಿಯಲ್ಲಿ, 2012ರಲ್ಲಿ ಪ್ರಕಟವಾದ ಗಿಬ್ಸ್ ಕ್ವಾಡ್‌ಸ್ಕಿ ನೆಲದಲ್ಲಿಯೂ ನೀರಿನಲ್ಲಿಯೂ 72 ಕಿ.ಮೀ. ವೇಗದಲ್ಲಿ ಓಡುವ, ಚಕ್ರಗಳನ್ನು ಮಡಚಿಕೊಳ್ಳುವ, ಬೇರೆಯೇ ಜಾತಿಯ ಯಂತ್ರ. ಒಂದೇ ‘ಉಭಯಚರ’ ಎಂಬ ಪದದಡಿ ಇವೆರಡನ್ನೂ ಕಾಣುವ ಗ್ರಾಹಕನಿಗೆ ನಡಿಗೆಯ ವೇಗದ ಬಂಡಿಯ ಮೇಲೂ ಸ್ಪೀಡ್‌ಬೋಟಿನ ನಿರೀಕ್ಷೆ ಹುಟ್ಟಿದರೆ ತಪ್ಪು ಅವನದಲ್ಲ.

ಅಮೆರಿಕದಲ್ಲಿ ಸಾಮಾನ್ಯ ಎಟಿವಿಗಳ, ಅಂದರೆ ರಸ್ತೆಯಿಲ್ಲದ ನೆಲದಲ್ಲಿ ಓಡಿಸುವ ಸಣ್ಣ ಬಂಡಿಗಳ, ಪ್ರಚಾರಕ್ಕೆ ಒಂದು ಕಾಲದಲ್ಲಿ ಕಡಿವಾಣ ಬಿದ್ದಿತ್ತು. 1988ರಲ್ಲಿ ನ್ಯಾಯಾಲಯದ ಮೂಲಕ ಆದ ಒಪ್ಪಂದದಂತೆ ದೊಡ್ಡ ತಯಾರಕರು ಮೂರು ಚಕ್ರದ ಎಟಿವಿಗಳ ಮಾರಾಟವನ್ನು ನಿಲ್ಲಿಸಿದರು. ಜಾಹೀರಾತು ಹೇಗಿರಬೇಕೆಂಬುದಕ್ಕೂ ಆಗ ಸೂತ್ರಗಳು ಬಂದವು. ಆದರೆ ಅಲ್ಲಿನ ಕಾನೂನಿನ ಪ್ರಕಾರ ಎಟಿವಿ ಎಂದರೆ ಮೂರು ಇಲ್ಲವೆ ನಾಲ್ಕು ಚಕ್ರಗಳ, ಎರಡೂ ಬದಿಗೆ ಕಾಲು ಹಾಕಿ ಕೂರುವ ಸೀಟಿನ, ಹ್ಯಾಂಡಲ್ ಹಿಡಿದು ತಿರುಗಿಸುವ ವಾಹನ. ಒಳಗೆ ಕುಳಿತು ನಡೆಸುವ ಆರು, ಎಂಟು ಚಕ್ರದ ಬಂಡಿ ಈ ವ್ಯಾಖ್ಯೆಗೆ ಸೇರುವುದಿಲ್ಲ. ಹೀಗಿರುವಾಗ ತಯಾರಕರು ತಾವಾಗಿಯೇ ಹೆಚ್ಚು ಎಚ್ಚರ ವಹಿಸಬೇಕೆಂಬುದು ನನ್ನ ಆಗ್ರಹ.

ಅಚ್ಚರಿಯೆಂದರೆ, ಮುಚ್ಚಿಡುವ ಅಗತ್ಯವೇ ಇಲ್ಲದಷ್ಟು ನಿಜವಾದ ಗುಣ ಈ ಬಂಡಿಗಳಲ್ಲಿದೆ. ಭಾರವೆಲ್ಲ ಅಗಲವಾದ ಮೆತ್ತನೆಯ ಟೈರುಗಳ ಮೇಲೆ ಹಂಚಿಹೋಗುವುದರಿಂದ ನಮ್ಮ ಕಾಲು ಹೂತುಹೋಗುವ ಜೌಗಿನಲ್ಲಿಯೂ ಇವು ಹೂಳುವುದಿಲ್ಲ. ನನ್ನ ಕಣ್ಣೆದುರೇ ಬಂಡಿ ದಾಟಿಹೋದ ಪಾಚಿಯ ನೆಲದಲ್ಲಿ ಸ್ನೇಹಿತರ ಬೂಟು ಮೊಣಕಾಲಿನವರೆಗೆ ಇಳಿಯಿತು. ಬ್ರೋಷರಿನ ಮುಖಪುಟಕ್ಕೆ ಅದಕ್ಕಿಂತ ಒಳ್ಳೆಯ ಚಿತ್ರ ಯಾವುದಿದೆ?

ಇದು ಈಗ ಶೋಕಿಯ ವಿಷಯವಾಗಿಯೂ ಉಳಿದಿಲ್ಲ. ಶೆರ್ಪ್ ಮಾದರಿಯ ‘ಅಟೋರ್ ಎನ್1200’ ಬಂಡಿಗಳು ಭಾರತೀಯ ಸೇನೆಯನ್ನು ಸೇರಿವೆ. 2025ರ ಪಂಜಾಬ್ ಪ್ರವಾಹದಲ್ಲಿ ಅಮೃತಸರದ ಸುತ್ತ ಜನರನ್ನು ಹೊರತಂದಿವೆ. ನಿಂತ ನೀರು ತುಂಬಿದ ಗದ್ದೆ, ಬೀದಿಗಳಲ್ಲಿ ಅವು ವರವೇ ಸರಿ. ಆದರೆ ಗಂಟೆಗೆ 6 ಕಿ.ಮೀ. ಎಂದರೆ ಸೆಕೆಂಡಿಗೆ ಎರಡು ಮೀಟರಿಗೂ ಕಡಿಮೆ. ಉಕ್ಕಿ ಹರಿಯುವ ಕೃಷ್ಣೆಯ ಸೆಳವು ಅದನ್ನು ಸುಲಭವಾಗಿ ಮೀರುತ್ತದೆ. ನಾಳೆ ನಮ್ಮ ಯಾವುದೋ ಜಿಲ್ಲೆಯ ಅಧಿಕಾರಿ ಇಂಥದ್ದೊಂದು ಬಂಡಿಯನ್ನು ಕೊಳ್ಳಲು ಕುಳಿತಾಗ ಅವರ ಮುಂದಿನ ಹಾಳೆಯಲ್ಲಿ ಮೊದಲು ಕಾಣಬೇಕಾದದ್ದು ಚಿಮ್ಮುವ ನೀರಿನ ಚಿತ್ರವಲ್ಲ. ನೀರಿನಲ್ಲಿ ಎಷ್ಟು ಮಂದಿ, ಎಷ್ಟು ಸೆಳವಿನವರೆಗೆ, ಯಾವ ಬಗೆಯ ದಡ ಎಂಬ ಮೂರು ಸಾಲುಗಳು, ಎಂಜಿನ್ನಿನ ಶಕ್ತಿಯನ್ನು ಬರೆಯುವಷ್ಟೇ ದಪ್ಪ ಅಕ್ಷರದಲ್ಲಿ.