ಮೊದಲು ಗೊತ್ತಾಗಿದ್ದು ಅಡುಗೆಯ ಅಕ್ಕನಿಗೆ

ಮೈಸೂರಿನ ಒಂದು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಎರಡು ವರ್ಷದ ಹಿಂದೆ ನನ್ನ ಕ್ಲಾಸಿನಲ್ಲಿ ಕೆ.ಆರ್. ಪೇಟೆ ಕಡೆಯ ಒಬ್ಬ ಹುಡುಗ ಇದ್ದ. ಸೆಕೆಂಡ್ ಪಿಯು, ಜೊತೆಗೆ ನೀಟ್ ಕೋಚಿಂಗ್, ಹಾಸ್ಟೆಲ್ ವಾಸ. ವಾರಕ್ಕೆ ನಾಲ್ಕು ದಿನ ಅವನನ್ನು ನೋಡುತ್ತಿದ್ದೆ. ಆದರೂ ಅವನು ಒಳಗೊಳಗೇ ಕುಗ್ಗುತ್ತಿದ್ದುದು ನನಗೆ ಕಾಣಲಿಲ್ಲ.

ಕಂಡದ್ದು ಹಾಸ್ಟೆಲ್ಲಿನ ಅಡುಗೆಯ ಅಕ್ಕನಿಗೆ. "ಎರಡು ಮುದ್ದೆ ಉಣ್ತಿದ್ದ ಹುಡುಗ ಅರ್ಧಕ್ಕೇ ಎದ್ದೋಗ್ತಾನೆ. ರಾತ್ರಿಯೆಲ್ಲ ಓಡಾಡ್ತಾನೆ, ನಿದ್ದೆನೇ ಮಾಡಲ್ಲ" ಅಂತ ಅವರು ವಾರ್ಡನ್‌ಗೆ ಹೇಳಿದ್ದರು. "ಪರೀಕ್ಷೆ ಟೆನ್ಷನ್, ಸರಿ ಹೋಗುತ್ತೆ ಬಿಡಿ" ಅಂದರಂತೆ ವಾರ್ಡನ್. ಅಲ್ಲಿಂದ ಮುಂದೆ ಯಾರಿಗೆ ಹೇಳಬೇಕು ಅಂತ ಅಕ್ಕನಿಗೆ ಗೊತ್ತಿರಲಿಲ್ಲ. ಎರಡು ತಿಂಗಳಾದ ಮೇಲೆ ಅಪ್ಪ ಬಂದು ಊರಿಗೆ ಕರೆದುಕೊಂಡು ಹೋದರು. ಚಿಕಿತ್ಸೆ ಆಯಿತು, ಈಗ ಹುಷಾರಾಗಿದ್ದಾನೆ. ಆದರೆ ಆ ಎರಡು ತಿಂಗಳು ಅವನೊಬ್ಬನೇ ಹೊತ್ತುಕೊಂಡು ತಿರುಗಿದ್ದನ್ನು ನೆನೆದರೆ ನನಗೆ ಈಗಲೂ ಸಂಕಟ.

ನಮ್ಮಲ್ಲೂ ಕೌನ್ಸೆಲಿಂಗ್ ರೂಮ್ ಇದೆ. ಆಫೀಸಿನ ಎದುರಿಗೇ. ಒಳಗೆ ಹೋದವರು ಇಡೀ ಕಾಲೇಜಿನ ಕಣ್ಣಿಗೆ ಬೀಳುತ್ತಾರೆ. ಯಾವ ಮಗು ಹೋಗುತ್ತೆ ಹೇಳಿ?

ಬೇರೆ ದಾರಿಯೂ ಇದೆ. ಆಫ್ರಿಕಾದ ಜಿಂಬಾಬ್ವೆಯ ಹರಾರೆಯಲ್ಲಿ ಡಿಕ್ಸನ್ ಚಿಬಾಂಡ ಅನ್ನುವ ಮನೋವೈದ್ಯರಿದ್ದಾರೆ. ಬಸ್ ಚಾರ್ಜಿಗೆ ದುಡ್ಡಿಲ್ಲದೆ ಆಸ್ಪತ್ರೆಗೆ ಬರಲಾಗದ ಒಬ್ಬ ಯುವತಿಯನ್ನು ಅವರು ಕಳೆದುಕೊಂಡರು. ಆಮೇಲೆ 2006ರಲ್ಲಿ ಅವರು 14 ಜನ ಅಜ್ಜಿಯರಿಗೆ ತರಬೇತಿ ಕೊಟ್ಟು, ಆರೋಗ್ಯ ಕೇಂದ್ರದ ಹೊರಗೆ ಮರದ ಬೆಂಚಿನ ಮೇಲೆ ಕೂರಿಸಿದರು. ಬಂದವರ ಮಾತು ಕೇಳುವುದು, ಕಾಡುವ ಕಷ್ಟಗಳಲ್ಲಿ ಒಂದನ್ನು ಆರಿಸಿಕೊಂಡು ಮುಂದಿನ ಹೆಜ್ಜೆ ಏನು ಅಂತ ಒಟ್ಟಿಗೆ ಯೋಚಿಸುವುದು. ಅಷ್ಟೇ ಅವರ ಕೆಲಸ. ಮುಂದೆ 573 ಜನರ ಮೇಲೆ ಅಧ್ಯಯನ ನಡೆಯಿತು. 2016ರಲ್ಲಿ ಫಲಿತಾಂಶ ಬಂತು. ಆರು ತಿಂಗಳ ನಂತರ ಖಿನ್ನತೆಯ ಲಕ್ಷಣ ಉಳಿದಿದ್ದು ಬೆಂಚಿಗೆ ಬಂದವರಲ್ಲಿ ಸುಮಾರು ನೂರಕ್ಕೆ 14 ಜನರಲ್ಲಿ. ಮಾಮೂಲಿ ಆರೈಕೆ ಪಡೆದವರಲ್ಲಿ ನೂರಕ್ಕೆ 50.

ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಪದ. ಅಲ್ಲಿ 'ಡಿಪ್ರೆಶನ್' ಅನ್ನಲ್ಲ. ಶೋನಾ ಭಾಷೆಯಲ್ಲಿ 'ಕುಫುಂಗಿಸಿಸಾ' ಅಂತಾರೆ. ಅಂದರೆ ಜಾಸ್ತಿ ಯೋಚನೆ ಮಾಡುವುದು. ನಮ್ಮ ಮಂಡ್ಯದ ಅಜ್ಜಿಯರೂ ಇದನ್ನೇ ಹೇಳುತ್ತಾರಲ್ವಾ? "ಯಾಕ್ಲಾ ಮಗ, ಬೋ ಯೋಚ್ನೆ ಮಾಡ್ತೀಯ?" ಹೀಗೆ ಕೇಳಿದರೆ ಮಗು ಬಾಯಿ ಬಿಡುತ್ತೆ.

ಅದು ದೊಡ್ಡವರ ಕಥೆ ಆಯಿತು. ಮಕ್ಕಳದ್ದೂ ಇದೆ. ಮಾನಸಿಕ ಆರೋಗ್ಯಕ್ಕಾಗಿ ಕೆಲಸ ಮಾಡುವ ಸಂಗಾತ್ ಸಂಸ್ಥೆಯವರು ದೆಹಲಿಯ ಸರ್ಕಾರಿ ಶಾಲೆಗಳಲ್ಲಿ, ಡಾಕ್ಟರಲ್ಲದ ಸಾಮಾನ್ಯ ಜನರಿಗೆ ತರಬೇತಿ ಕೊಟ್ಟು 9ರಿಂದ 12ನೇ ತರಗತಿಯ ಮಕ್ಕಳ ಜೊತೆ ಕೂರಿಸಿದರು. ನನ್ನನ್ನು ಕಾಡುತ್ತಿರುವುದು ಇಂಥದ್ದು ಅಂತ ಮಕ್ಕಳೇ ಹೇಳಬೇಕು. ಕೆಲವೇ ವಾರದಲ್ಲಿ ಆ ಸಮಸ್ಯೆಗಳ ಭಾರ ಇಳಿದಿತ್ತು.

ನಮ್ಮಲ್ಲಿ ಏನೂ ಇಲ್ಲ ಅಂತಲ್ಲ. ನಿಮ್ಹಾನ್ಸ್ ಜೊತೆ ಸೇರಿ ಕ್ರೀಡಾ ಇಲಾಖೆ ನಡೆಸುವ ಯುವ ಸ್ಪಂದನದಲ್ಲಿ ಹುಡುಗ ಹುಡುಗಿಯರನ್ನೇ, ತಮ್ಮಂಥ ಯುವಜನರ ಕಷ್ಟ ಕೇಳಿ ನೆರವಾಗುವ 'ಯುವ ಪರಿವರ್ತಕ'ರಾಗಿ ತರಬೇತಿ ಕೊಟ್ಟು ತಯಾರು ಮಾಡುತ್ತಾರೆ. ಇದರ ಕೇಂದ್ರ ಇರುವುದು ಜಿಲ್ಲಾ ಸ್ಟೇಡಿಯಂನಲ್ಲಿ. ನನಗೆ ಬಹಳ ಇಷ್ಟವಾದದ್ದು ಇದೇ. ಸ್ಟೇಡಿಯಂಗೆ ಹೊರಟ ಹುಡುಗನನ್ನು ಯಾಕೆ ಅಂತ ಯಾರು ಕೇಳುತ್ತಾರೆ? 2022ರ ಅಕ್ಟೋಬರ್‌ನಿಂದ ಟೆಲಿ ಮಾನಸ್ ಅನ್ನುವ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಕೂಡ ಇದೆ. 14416ಕ್ಕೆ ಫೋನ್ ಮಾಡಿದರೆ ದಿನದ 24 ಗಂಟೆಯೂ ಮಾತಾಡಬಹುದು. ಉಚಿತ, ಕನ್ನಡದಲ್ಲೇ.

ಆದರೆ ಕುಗ್ಗಿ ಕೂತ ಹುಡುಗ ತಾನಾಗಿ ಫೋನ್ ಎತ್ತುವುದು ಕಷ್ಟ. ಅವನನ್ನು ದಿನಾ ನೋಡುವವರು ಬೇಕು. ಅಡುಗೆಯವರು, ಸೆಕ್ಯೂರಿಟಿ ಅಣ್ಣ, ಲೈಬ್ರರಿಯವರು, ಪಿಜಿ ಆಂಟಿ. ಇವರಿಗೆ ತರಬೇತಿ ಕೊಡಿ ಅನ್ನುವುದೇ ನನ್ನ ಬೇಡಿಕೆ. ಬುದ್ಧಿ ಹೇಳದೆ ಕೇಳುವುದು ಹೇಗೆ? "ನಿನಗೇನು ಕಮ್ಮಿ ಆಗಿದೆ" ಅಂತ ಯಾಕೆ ಅನ್ನಬಾರದು? ಯಾವಾಗ ತಡಮಾಡದೆ ಕೆ.ಆರ್. ಆಸ್ಪತ್ರೆಯ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಬೇಕು? ಕಾಯಿಲೆ ಜೋರಾಗಿದ್ದರೆ ಡಾಕ್ಟರೇ ಬೇಕು, ಔಷಧಿಯೂ ಬೇಕು. ಬೆಂಚು ಅದರ ಬದಲಿಗೆ ಬರುವುದಿಲ್ಲ. ಇನ್ನು, ಅಕ್ಕನಂಥವರು ಹೇಳಿದರೆ ವಾರ್ಡನ್ ಕಿವಿಗೊಡಲೇಬೇಕು ಅನ್ನುವ ನಿಯಮವೂ ಇರಲಿ.

ಮೊನ್ನೆ ಆ ಅಕ್ಕನನ್ನು ನೋಡಿಕೊಂಡು ಬಂದೆ. ಅಡುಗೆಮನೆ ಗೋಡೆಯ ಮೇಲೆ, ಹಾಲಿನ ಲೆಕ್ಕದ ಪಕ್ಕದಲ್ಲೇ 14416 ಅಂತ ಬರೆದುಕೊಂಡರು. ಜೂನ್‌ಗೆ ಹೊಸ ಮಕ್ಕಳು ಬರುತ್ತಾರೆ. ಮೈಸೂರು, ಮಂಡ್ಯದಲ್ಲಿ ಹಾಸ್ಟೆಲ್, ಪಿಜಿ ನಡೆಸುವವರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ನನಗೊಂದು ಮೆಸೇಜ್ ಮಾಡಿ.