ಗಾಳಿ ನಿಂತರೂ ಕರೆಂಟ್ ಇಲ್ಲ
ಜೋರು ಗಾಳಿ, ಒಣಗಿದ ಹುಲ್ಲು ಅಂತ ವಿದ್ಯುತ್ ಕಂಪನಿ ಮುನ್ನೆಚ್ಚರಿಕೆಯಾಗಿ ನಮ್ಮ ಕರೆಂಟ್ ತೆಗೆದಿದೆ. ತಂತಿ ತುಂಡಾಗಿ ಬಿದ್ದರೆ ಒಂದು ಕಿಡಿ ಸಾಕು, ಕಾಡೇ ಹೊತ್ತಿಕೊಳ್ಳುತ್ತದೆ. 2018ರಲ್ಲಿ ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಊರನ್ನು ಸುಟ್ಟು 85 ಜನರನ್ನು ಬಲಿ ತೆಗೆದುಕೊಂಡ ಬೆಂಕಿ ಹತ್ತಿದ್ದು ವಿದ್ಯುತ್ ಲೈನಿನಿಂದಲೇ. ಹಾಗಾಗಿ ಮೊದಲೇ ಕರೆಂಟ್ ತೆಗೆಯುವುದು ಸರಿ, ಒಪ್ಪುತ್ತೇನೆ.

ನನ್ನ ಸಿಟ್ಟು ಆಮೇಲಿನದರ ಬಗ್ಗೆ. ಗಾಳಿ ನಿಂತು ಎಷ್ಟೋ ಹೊತ್ತಾಯ್ತು, ಕರೆಂಟ್ ಇನ್ನೂ ಇಲ್ಲ. ಲೈನ್ ಪೂರ್ತಿ ಪರೀಕ್ಷಿಸಿಯೇ ಕೊಡಬೇಕು, ಗೊತ್ತು. ಆದರೆ ಯಾವಾಗ ಬರುತ್ತದೆ ಅಂತ ಹೇಳಬಹುದಲ್ವಾ? ಬಾಗಿಲು ತೆಗೆಯದಿದ್ದರೂ ಫ್ರಿಜ್ ತಣ್ಣಗಿರುವುದು ಸುಮಾರು 4 ಗಂಟೆ ಅಷ್ಟೇ. ಅದರಲ್ಲಿ ಅಮ್ಮನ ಇನ್ಸುಲಿನ್ ಇದೆ. ಪಕ್ಕದ ಮನೆಯ ಅಜ್ಜನಿಗೆ ಆಕ್ಸಿಜನ್ ಮಷೀನ್ ಓಡಲೇಬೇಕು. ‘ಶೀಘ್ರದಲ್ಲೇ ಬರಲಿದೆ’ ಅನ್ನುವ ಒಂದೇ ಮೆಸೇಜ್ ನೋಡಿಕೊಂಡು ಅವರು ಎಷ್ಟು ಹೊತ್ತು ಸುಮ್ನೆ ಕೂರಬೇಕು?